ನೀರಿಗೂ ಆಕಾಶಕ್ಕೂ ಗಾಜು ಉಜ್ಜಿದವರು

ಕಳೆದ ತಿಂಗಳು ಹ್ಯಾಂಬರ್ಗಿನ ಹಳೆಯ ಸಹೋದ್ಯೋಗಿಯೊಬ್ಬರಿಂದ ಎರಡು ಸಾಲಿನ ಮೇಲ್ ಬಂತು. ಪಾಲಿಶಿಂಗ್ ಕೋಣೆಯ ಹಿರಿಯರು ತೀರಿಕೊಂಡರು, ಅಂತ್ಯಕ್ರಿಯೆ ಮುಗಿದಿದೆ, ನಿಮಗೆ ತಿಳಿಸಬೇಕು ಅನ್ನಿಸಿತು ಎಂದಷ್ಟೇ ಇತ್ತು. ನಾನೀಗಿರುವ, ಜರ್ಮನಿಯ ದಕ್ಷಿಣದ ಶ್ವೀಬರ್ಡಿಂಗೆನ್‌ನಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ದಿನದ ದಾರಿ. ಮೊದಲೇ ತಿಳಿದಿದ್ದರೆ ಹೋಗುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಹೋಗುತ್ತಿದ್ದೆ. ನಾನು ಹೋಗದಿದ್ದರೆ ಇನ್ಯಾರೂ ಹೋಗಿರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮೇಲ್ ನೋಡುತ್ತ ಕೂತವನನ್ನು ಕಂಡು ಹೆಂಡತಿ "ಯಾರ್ರೀ ಅವರು?" ಎಂದಳು. ಬಂಧುವಲ್ಲ, ಗುರುವಲ್ಲ, ಗೆಳೆಯ ಅನ್ನೋಣವೆಂದರೆ ನನ್ನ ಅಪ್ಪನ ವಯಸ್ಸಿನವರು. "ನಾ ಒಳ್ಳೇದ ಮಾಡಾಕ ಹೋಗಿ ಕೆಡಿಸಿದ ಮನಷ್ಯಾ" ಎಂದೆ.

ಅವರ ಹೆಸರು ಬರೆಯುವುದಿಲ್ಲ. ಬದುಕಿಡೀ ಅವರು ಮಾಡಿದ ಯಾವ ವಸ್ತುವಿನ ಮೇಲೂ ಅವರ ಹೆಸರಿರಲಿಲ್ಲ. ಸತ್ತ ಮೇಲೆ ನಾನು ಬರೆದು ಅವರನ್ನು ಮುಜುಗರಕ್ಕೆ ಸಿಕ್ಕಿಸುವುದು ಬೇಡ.

ಅದು ಜರ್ಮನಿ ಐದು ವರ್ಷದ ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರಿನವರನ್ನು ಕರೆಯುತ್ತಿದ್ದ ಕಾಲ. ಹೆಸರು ದೊಡ್ಡದು, ಆ ಕಾರ್ಡು ಹಸಿರೂ ಆಗಿರಲಿಲ್ಲ, ಕಾರ್ಡೂ ಆಗಿರಲಿಲ್ಲ. ಪಾಸ್‌ಪೋರ್ಟಿಗೆ ಅಂಟಿಸಿದ ಒಂದು ಚೀಟಿ, ಅಷ್ಟೇ. ನಾನು ಸೇರಿದ, ಸಮುದ್ರದಾಳದ ಉಪಕರಣ ಮಾಡುವ ಸಣ್ಣ ಕಂಪನಿ ಹ್ಯಾಂಬರ್ಗ್ ಬಂದರಿನ ಆಚೆ ದಡದಲ್ಲಿತ್ತು. ದಿನಾ ಮಳೆಯಲ್ಲಿ ಫೆರಿ ಹತ್ತಿ ಹೋಗಬೇಕು. ಸೇರಿದ ವಾರವೇ ಪಕ್ಕದ ಮೇಜಿನವನು ಹೇಳಿದ: "ಪಾಲಿಶಿಂಗ್ ಕೋಣೆಯಲ್ಲಿ ನಿಮ್ಮ ದೇಶದವರೊಬ್ಬರಿದ್ದಾರೆ. ಕೆಲಸ ಮಾಡುವಾಗ ಮಂತ್ರ ಹೇಳುತ್ತಿರುತ್ತಾರೆ." ಯಾವ ಮಂತ್ರವಪ್ಪಾ ಎಂದು ನೋಡಲು ಹೋದೆ. ಬೋಳುತಲೆಯ, ಸಣಕಲು ಮನುಷ್ಯರೊಬ್ಬರು ಬಾಗಿಲಿಗೆ ಬೆನ್ನು ಮಾಡಿ, ದುಂಡನೆಯ ದಪ್ಪ ಗಾಜೊಂದನ್ನು ಕೈಯಿಂದ ಉಜ್ಜುತ್ತಿದ್ದರು. "ಎಪ್ಪತ್ತೊಂದ, ಎಪ್ಪತ್ತೆರಡ, ಎಪ್ಪತ್ಮೂರ..."

ನನಗೆ ತಡೆಯಲಾಗಲಿಲ್ಲ. "ಎಪ್ಪತ್ನಾಕ" ಎಂದುಬಿಟ್ಟೆ.

ಕೈ ಒಂದು ಗಳಿಗೆ ನಿಂತಿತು. ಆದರೆ ಅವರು ತಿರುಗಲಿಲ್ಲ. ಎಣಿಕೆ ನಡುವೆ ಬಿಟ್ಟರೆ ಗಾಜು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸವೆಯುತ್ತದೆ ಎಂದು ಆಮೇಲೆ ತಿಳಿಯಿತು. ನೂರು ಮುಗಿಸಿ, ಗಾಜನ್ನು ಬಟ್ಟೆಯ ಮೇಲಿಟ್ಟು, ಕೈ ತೊಳೆದು, ಒರೆಸಿಕೊಂಡು ತಿರುಗಿದರು.

"ಯಾ ಊರಪಾ?"

"ಧಾರವಾಡ್ರಿ."

"ಧಾರವಾಡದಾಗ ಎಲ್ಲೆ?"

"ಸಪ್ತಾಪುರ್ರಿ."

"ಅಲ್ಲೆ ಮನೀ ಅದಾವೇನೋ? ಬರೇ ಹೊಲ ಇದ್ವಲ್ಲೋ!"

ಮೂವತ್ತು ವರ್ಷ ಮಾತಾಡದೆ ಇಟ್ಟ ಕನ್ನಡ ಅವರದು. ನನ್ನ ಅಜ್ಜ ಆಡುತ್ತಿದ್ದ ಮಾತುಗಳು ಅವರ ಬಾಯಲ್ಲಿ ಇನ್ನೂ ಇದ್ದವು. ಊರು ಬಾಗಲಕೋಟೆ ಕಡೆ, ಬಿ.ಎಸ್ಸಿ ಮಾಡಿದ್ದು ಧಾರವಾಡದಲ್ಲಿ. ಆಗಿನ ಪೂರ್ವ ಜರ್ಮನಿ ಕೊಟ್ಟ ಸ್ಕಾಲರ್‌ಶಿಪ್ ಹಿಡಿದು ಅಲ್ಲಿನ ಯೇನಾ ಎಂಬ ಊರಿಗೆ ಗಾಜಿನ ವಿದ್ಯೆ ಕಲಿಯಲು ಬಂದವರು. "ಎರಡ ವರ್ಷಕ್ಕಂತ ಬಂದೆ ನೋಡು" ಎನ್ನುತ್ತಿದ್ದರು, ಆ ಎರಡು ವರ್ಷ ಇನ್ನೂ ಮುಗಿದಿಲ್ಲವೇನೋ ಎಂಬ ದನಿಯಲ್ಲಿ. ಅಲ್ಲೇ ಕೆಲಸ, ಅಲ್ಲೇ ಮದುವೆ. ಮದುವೆ ಮುರಿದದ್ದನ್ನು ಒಂದೇ ಸಾಲಿನಲ್ಲಿ ಹೇಳಿದರು: "ಅಕಿ ಭಾಳ ಮಾತಿನಾಕಿ, ನಾ ಮಾತಿಲ್ಲದಾಂವ." ಊರಲ್ಲಿ ಅಪ್ಪ ಅವ್ವ ತೀರಿಕೊಂಡರು. ಇದ್ದೊಬ್ಬ ತಮ್ಮ ಮದುವೆಯಾಗುವ ಮುಂಚೆಯೇ ಕಾಮಾಲೆಯಲ್ಲಿ ಹೋದ. ಅಲ್ಲಿಂದ ಪತ್ರ ಬರೆಯುವವರು ಯಾರೂ ಉಳಿಯಲಿಲ್ಲ.

ಯೇನಾದಲ್ಲಿ ಅವರು ಉಜ್ಜಿದ ಗಾಜು ಆಕಾಶಕ್ಕೆ ಹೋಗುತ್ತಿತ್ತು. ಯಾವ ಕ್ಯಾಮೆರಾಕ್ಕೆ, ಯಾವ ಉಪಗ್ರಹಕ್ಕೆ, ಅದು ಮೇಲಿಂದ ಯಾರನ್ನು ನೋಡುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಲಿಲ್ಲ. ಒಬ್ಬರು ಟ್ರೇ ತಂದು ಗಾಜು ಒಯ್ಯುತ್ತಿದ್ದರು, ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಗೋಡೆ ಬಿದ್ದು ದೇಶ ಒಂದಾದ ಮೇಲೆ ಸಾವಿರಾರು ಜನರ ಕೆಲಸ ಹೋಯಿತು, ಇವರದ್ದೂ. ಹ್ಯಾಂಬರ್ಗಿಗೆ ಬಂದು ಸಮುದ್ರದಾಳಕ್ಕೆ ಇಳಿಸುವ ಕ್ಯಾಮೆರಾ ಪೆಟ್ಟಿಗೆಗಳಿಗೆ ಗಾಜಿನ ಕಿಟಕಿ ಮಾಡತೊಡಗಿದರು. ಇಲ್ಲಿಯೂ ಒಬ್ಬರು ಟ್ರೇ ತರುತ್ತಿದ್ದರು, ನಂಬರಿನ ಬೀಗವಿದ್ದ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. "ನಾ ಕಣ್ಣ ಮಾಡಾಂವ, ನೋಡಾಂವ ಬ್ಯಾರೆ" ಎಂದು ನಗುತ್ತಿದ್ದರು. ಅದನ್ನು ತಮಾಷೆಯೆಂದೇ ನಾನು ಬಹಳ ದಿನ ತಿಳಿದಿದ್ದೆ.

ಗಾಜು ಮುಗಿದ ಮೇಲೆ ಅದರ ಮೇಲೆ ಬಾಯಿಂದ ಹಾಯೆಂದು ಉಸಿರು ಬಿಡುತ್ತಿದ್ದರು. ಮಂಜು ಕವಿಯುತ್ತಿತ್ತು. ಆ ಮಂಜು ಅಂಚಿನಿಂದ ನಡುವಿನವರೆಗೆ ಹೇಗೆ ಆರುತ್ತದೆ ಎಂಬುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎಲ್ಲಾದರೂ ಒಂದು ಚೂರು ತಡವಾಗಿ ಆರಿದರೆ ಅಲ್ಲಿ ಕಲೆ ಇದೆ ಎಂದರ್ಥ, ಮತ್ತೆ ನೂರು. ಒರೆಸಲು ತಮ್ಮದೇ ಹಳೆಯ ಧೋತರದ ತುಂಡುಗಳು. ಯೇನಾಕ್ಕೆ ಬರುವಾಗ ತಂದ ಧೋತರ ಅದು. ಇಲ್ಲಿಗೆ ಬಂದ ಮೇಲೆ ಉಡುವ ಪ್ರಸಂಗ ಬರಲೇ ಇಲ್ಲವಂತೆ. ಅಷ್ಟು ಸಲ ಒಗೆದ ಅರಿವೆ ಈ ದೇಶದಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಭಾನುವಾರ ಒಮ್ಮೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ. ಒಂದೇ ಕುರ್ಚಿ. ಅದನ್ನು ನನಗೆ ಕೊಟ್ಟು ತಾವು ಮಂಚದ ಮೇಲೆ ಕೂರುತ್ತಿದ್ದರು. ಒಂದು ಸಲ ನಾನು ಬಂದದ್ದು ತಿಳಿಯದೆ ಫೋನು ಕಿವಿಗಿಟ್ಟುಕೊಂಡು ಕೂತಿದ್ದರು. ಮಾತಿಲ್ಲ, ಬರಿ ಕೇಳುವುದು. ಇಟ್ಟ ಮೇಲೆ "ಯಾರ್ರಿ?" ಎಂದೆ. ಸಮಯ ಹೇಳುವ ನಂಬರು. ಒಬ್ಬ ಹೆಣ್ಣುಮಗಳ ದನಿ, ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡು ಎಂದು ಹೇಳುತ್ತಲೇ ಇರುತ್ತದೆ. "ಗಡಿಯಾರ ಸರಿ ಮಾಡಕೊಳ್ಳಾಕತ್ತಿದ್ದೆ" ಎಂದರು. ಗಡಿಯಾರ ಅವರ ಕೈಯಲ್ಲಿರಲಿಲ್ಲ. ನಾನು ಕಂಡೂ ಕಾಣದವನಂತೆ ಚಹಾ ಮಾಡಲು ಎದ್ದೆ.

ಅವರ ಕೊನೆಯ ಕೆಲಸದ ಬಗ್ಗೆ ಹೇಳಬೇಕು. ಯೂರೋಪಿನ ನಾಲ್ಕು ದೇಶಗಳು ಸೇರಿ ಒಂದು ಪ್ರಯೋಗಕ್ಕೆ ಕೈ ಹಾಕಿದ್ದವು. ಸಮುದ್ರದ ತಳದಲ್ಲಿ ದೇಶದಿಂದ ದೇಶಕ್ಕೆ ಹೋಗುವ ಕೇಬಲ್ಲುಗಳಿವೆ, ಕೊಳವೆಗಳಿವೆ. ಅವನ್ನು ಕಾಯಲು ತಳದಲ್ಲಿ ಕಾವಲು ಪೆಟ್ಟಿಗೆಗಳನ್ನು ಇಡಬೇಕು. ಆ ಪೆಟ್ಟಿಗೆಗಳಿಗೆ ಮೇಲಿನಿಂದ ಮಾತು ತಲುಪಿಸುವುದು ಹೇಗೆ? ರೇಡಿಯೋ ನೀರಿನಲ್ಲಿ ಸಾಯುತ್ತದೆ. ನೀಲಿ-ಹಸಿರು ಬೆಳಕು ಮಾತ್ರ ಸ್ವಲ್ಪ ದೂರ ಇಳಿಯುತ್ತದೆ. ಹಾಗಾಗಿ ಮೊದಲು ವಿಮಾನದಿಂದ, ಅದು ಗೆದ್ದರೆ ಉಪಗ್ರಹದಿಂದ, ಬೆಳಕಿನ ಮಿಣುಕನ್ನು ನೀರೊಳಕ್ಕೆ ಕಳಿಸುವುದು. ಬೆಳಕು ಹೊರಡುವ ಕಿಟಕಿ, ಬೆಳಕು ತಲುಪುವ ಕಿಟಕಿ, ಎರಡೂ ನಮ್ಮ ಹಿರಿಯರ ಕೈಯಲ್ಲೇ ಆಗಬೇಕಿತ್ತು. ಅವುಗಳನ್ನು ಅಳೆಯುವ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುವುದು ನನ್ನ ಪಾಲು. ಉಳಿದ ಮೂರು ದೇಶಗಳು ತಮ್ಮ ಭಾಗಗಳನ್ನು ಸೀಲು ಮಾಡಿದ ಡಬ್ಬಿಗಳಲ್ಲಿ ಕಳಿಸುತ್ತಿದ್ದವು. ಒಳಗೇನಿದೆ ಎಂದು ಯಾರೂ ಯಾರಿಗೂ ಹೇಳುವಂತಿಲ್ಲ. "ನಾಕ ಮಂದಿ ಕೂಡಿ ಅಡಗಿ ಮಾಡತಾರ, ಒಬ್ಬರೂ ತಮ್ಮ ಡಬ್ಬಿ ಮುಚ್ಚಳಾ ತಗಿಯೂದಿಲ್ಲ" ಎನ್ನುತ್ತಿದ್ದರು ಅವರು.

ಪರೀಕ್ಷೆ ಕೀಲ್ ಬಂದರಿನಿಂದ ಹೊರಡುವ ಒಂದು ನೌಕಾಪಡೆಯ ಹಡಗಿನ ಮೇಲೆ. ನಮ್ಮ ಪ್ರಾಜೆಕ್ಟ್ ಮುಖ್ಯಸ್ಥೆ ಒಳ್ಳೆಯ ಹೆಂಗಸು. "ಗಾಜು ಇಳಿಸುವ ಮುಂಚೆ ಕೊನೆಯ ಸಲ ನೋಡಲು ನೀವೇ ಬರಬೇಕು" ಎಂದು ಅವರ ಹೆಸರನ್ನು ಪಟ್ಟಿಗೆ ಸೇರಿಸಿದಳು. ಆ ವಸಂತದಲ್ಲಿ ಅವರ ನಿವೃತ್ತಿ. ಅದಕ್ಕೂ ಮುಂಚೆ ಒಂದೇ ಒಂದು ಸಲ ತಾವು ಮಾಡಿದ ಕಣ್ಣಿನ ಹಿಂದೆ ನಿಂತು ನೋಡುವ ಅವಕಾಶ. ಹೊಸ ಉಣ್ಣೆ ಟೋಪಿ ಕೊಂಡರು. ಹಡಗಿನಲ್ಲಿ ವಾಂತಿ ಬರದಿರಲು ಏನು ತಿನ್ನಬೇಕೆಂದು ಕಚೇರಿಯವರನ್ನೆಲ್ಲ ಕೇಳುತ್ತ ತಿರುಗಿದರು. ಅವರು ಅಷ್ಟು ಮಾತಾಡಿದ್ದನ್ನು ನಾವು ಅದೇ ಮೊದಲು ಕಂಡದ್ದು.

ಆದರೆ ಹಡಗು ಹತ್ತಲು ಭದ್ರತಾ ತಪಾಸಣೆ ಆಗಬೇಕು. ಅಮೆರಿಕದಲ್ಲಿ ಆ ಗೋಪುರಗಳನ್ನು ಕೆಡವಿದವರಲ್ಲಿ ಕೆಲವರು ಹ್ಯಾಂಬರ್ಗಿನಲ್ಲೇ ಓದಿದವರು, ಆಮೇಲೆ ಆ ಊರಲ್ಲಿ ನಮ್ಮಂಥ ಮುಖದವರ ಮೇಲಿನ ನೋಟ ಬೇರೆಯಾಗಿತ್ತು. ಜೊತೆಗೆ ಇವರು ಪೂರ್ವ ಜರ್ಮನಿಯಲ್ಲಿ ಗಾಜು ಉಜ್ಜಿದವರು. ಫಾರಮ್ಮು ಒಂದು ಸಣ್ಣ ಪುಸ್ತಕದಷ್ಟಿತ್ತು. ಇದ್ದ ವಿಳಾಸಗಳು, ಹೋದ ದೇಶಗಳು, ಹೊರದೇಶದಲ್ಲಿರುವ ನೆಂಟರು. ನೆಂಟರ ಪುಟದಲ್ಲಿ ಅವರು "ಯಾರೂ ಇಲ್ಲ" ಎಂದು ಬರೆದರು. ಕೊನೆಯ ಪುಟದಲ್ಲಿ ನಿಮ್ಮ ಖಾಸಗಿ ಬದುಕನ್ನು ಬಲ್ಲ ಮೂವರ ಹೆಸರು ಕೊಡಿ ಎಂದಿತ್ತು. ಉಳಿದದ್ದೆಲ್ಲ ಒಂದು ಸಂಜೆಯಲ್ಲಿ ತುಂಬಿದವರಿಗೆ ಆ ಮೂರು ಗೆರೆ ತುಂಬಲು ಮೂರು ವಾರ ಹಿಡಿಯಿತು. ಮೊದಲನೆಯದು ಮುಖ್ಯಸ್ಥೆ. ಎರಡನೆಯದು ಕೆಳಗಿನ ಮನೆಯ ಮುದುಕಿ, ಮೆಟ್ಟಿಲು ಗುಡಿಸುವ ಸರದಿಯ ಬಗ್ಗೆ ಮಾತ್ರ ಅವರೊಡನೆ ಮಾತಾಡಿದವಳು. ಮೂರನೆಯದಕ್ಕೆ ನನ್ನ ಮೇಜಿನ ಹತ್ತಿರ ಬಂದು, ಫಾರಮ್ಮನ್ನು ಎದೆಗೆ ಒತ್ತಿಕೊಂಡು ನಿಂತರು.

"ನಿಂದ ಹೆಸರ ಬರಿಲೇನು? ತಪ್ಪ ತಿಳಕೋಬ್ಯಾಡ. ಬ್ಯಾರೆ ಯಾರ ನೆನಪ ಬರವಲ್ಲರು."

ನಾನು ಅವರನ್ನು ಬಲ್ಲದ್ದು ಹದಿನಾಲ್ಕು ತಿಂಗಳು. ಬರೆಯಿರಿ ಎಂದೆ. ಹೇಳಲಾರದಷ್ಟು ಸಂಕಟವಾಯಿತು.

ನನ್ನ ರೂಮಿನಲ್ಲಿದ್ದ ಮೈಸೂರಿನ ಗೆಳೆಯನಿಗೆ ಹೇಳಿದೆ. ಅವನು ಇನ್ನೊಂದು ಐಟಿ ಕಂಪನಿಯಲ್ಲಿದ್ದ. "ಗುರು, ಟೆನ್ಶನ್ ಯಾಕೆ? ರೆಫರೆನ್ಸ್ ಅಂದ್ರೆ ಏನು, ಒಳ್ಳೇ ಮಾತು ಆಡೋದು ತಾನೆ? ನಮ್ಮ ಕಡೆ ಗಂಡಿನ ಬಗ್ಗೆ ವಿಚಾರಿಸೋಕೆ ಬರಲ್ವಾ, ಹಂಗೆ. ಒಂದಕ್ಕೆ ನಾಲ್ಕು ಸೇರಿಸಿ ಹೇಳು ಮಗಾ, ಪಾಪ ಮುದುಕ್ರು ಹಡಗು ಹತ್ಲಿ" ಎಂದ.

ಸತ್ಯವಾಗಿ ಹೇಳುತ್ತೇನೆ, ಅವನು ಹೇಳದಿದ್ದರೂ ನಾನು ಹಾಗೇ ಮಾಡುತ್ತಿದ್ದೆ. ನಮ್ಮ ಓಣಿಯಲ್ಲಿ ಹೆಣ್ಣಿನ ಕಡೆಯವರು ಬಂದು ಪಕ್ಕದ ಮನೆಯಲ್ಲಿ ಕೂತು ಹುಡುಗ ಹೇಗೆ ಎಂದು ಕೇಳಿದರೆ ನನ್ನ ಅವ್ವ ಏನು ಹೇಳುತ್ತಿದ್ದಳೋ ಅದು ನನ್ನ ರಕ್ತದಲ್ಲಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಬೆಳೆಸಿದ ಮಂದಿ ನಾವು. ಮನೆತನ ದೊಡ್ಡದು, ಬಳಗ ದೊಡ್ಡದು, ಹಬ್ಬಕ್ಕೆ ಐವತ್ತು ಎಲೆ ಬೀಳುತ್ತವೆ. ಒಬ್ಬ ಮನುಷ್ಯನಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದು ಹೊರಗಿನವರ ಎದುರು ಹೇಳುವುದು ನಮ್ಮಲ್ಲಿ ಬೈಗುಳಕ್ಕೆ ಸಮ.

ಅಧಿಕಾರಿ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಕಂಪನಿಯ ಸಣ್ಣ ಮೀಟಿಂಗ್ ಕೋಣೆ. ಬಹಳ ಸಭ್ಯ ಮನುಷ್ಯ, ನನಗಾಗಿ ಇಂಗ್ಲಿಷಿನಲ್ಲೇ ಮಾತಾಡಿದ. ಕುಡಿಯುತ್ತಾರೆಯೆ, ಸಾಲವಿದೆಯೆ, ಸಿಟ್ಟು ಬರುತ್ತದೆಯೆ? ಎಲ್ಲಕ್ಕೂ ಇಲ್ಲ ಇಲ್ಲ ಎಂದೆ, ಎಲ್ಲವೂ ನಿಜ. ಆಮೇಲೆ ಕೇಳಿದ: "ಅವರು ಒಂಟಿಯೆ? ಯಾರಾದರೂ ಸಂಪರ್ಕದಲ್ಲಿದ್ದಾರೆಯೆ?"

ಆ ಒಂದು ಕುರ್ಚಿ, ಆ ಫೋನಿನ ಹೆಣ್ಣುದನಿ ನನ್ನ ಕಣ್ಣ ಮುಂದೆ ಬಂದವು. ಈ ಹೊರಗಿನವನ ಮುಂದೆ ಅದನ್ನು ಬಿಚ್ಚಿಡಲು ಮನಸ್ಸು ಬರಲಿಲ್ಲ. "ಒಂಟಿಯೇ? ಛೆ! ಊರಲ್ಲಿ ದೊಡ್ಡ ಕುಟುಂಬ" ಎಂದೆ. ತಮ್ಮನ ಮಗ ಬೆಂಗಳೂರಿನಲ್ಲಿದ್ದಾನೆ ಎಂದೆ. ಪ್ರತಿ ಭಾನುವಾರ ಫೋನು, ಗಂಟೆಗಟ್ಟಲೆ ಮಾತು. ಆ ಮಗನಿಗೊಬ್ಬ ಮಗಳು, ಇವರೆಂದರೆ ಅವಳಿಗೆ ಪ್ರಾಣ. ತಮ್ಮನ ಮಗ ಏನು ಮಾಡುತ್ತಾನೆ ಎಂದು ಅವನು ಕೇಳಿದ. ಗುಮಾಸ್ತ ಎಂದಿದ್ದರೆ ಸಾಕಿತ್ತು. ವರನ ಕಡೆಯ ತೂಕ ಹೆಚ್ಚಲಿ ಎಂದು, "ಸರ್ಕಾರದ ರಕ್ಷಣಾ ಪ್ರಯೋಗಾಲಯದಲ್ಲಿ ದೊಡ್ಡ ಹುದ್ದೆ" ಎಂದುಬಿಟ್ಟೆ. ಅವನ ಪೆನ್ನು ಚುರುಕಾಯಿತು. ಕೆಲಸ ಗೆದ್ದಿತು ಎಂದುಕೊಂಡು ನಾನು ಹೊರಬಂದೆ. ಪಾಲಿಶಿಂಗ್ ಕೋಣೆಗೆ ಹೋಗಿ "ಚಿಂತಿ ಬಿಡ್ರಿ, ಛಲೋ ಹೇಳೇನಿ" ಎಂದೆ. ಅವರು ಕೈ ಮುಗಿದರು. ಆ ಕೈ ಮುಗಿದದ್ದು ಇವತ್ತಿಗೂ ನನ್ನನ್ನು ಸುಡುತ್ತದೆ.

ಐದು ವಾರಕ್ಕೆ ಪತ್ರ ಬಂತು. ಅನುಮತಿ ಇಲ್ಲ. ಕಾರಣ ಬರೆದಿರಲಿಲ್ಲ. ಅವರು ಪತ್ರವನ್ನು ಎರಡು ಸಲ ಓದಿ ಮಡಚಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡು, ಹೋಗಿ ಗಾಜು ಉಜ್ಜತೊಡಗಿದರು. ಆ ದಿನ ಎಣಿಕೆ ಕೇಳಿಸಲಿಲ್ಲ. ಸಂಜೆ ಕಾಫಿ ಯಂತ್ರದ ಹತ್ತಿರ ಮುಖ್ಯಸ್ಥೆ ನನಗೆ ಗುಟ್ಟಾಗಿ ಹೇಳಿದಳು: "ಪೂರ್ವ ಜರ್ಮನಿಯ ವಿಷಯವಲ್ಲ. ಫಾರಮ್ಮಿನಲ್ಲಿ ಯಾರೂ ಇಲ್ಲ ಎಂದು ಬರೆದಿದ್ದಾರೆ. ಆದರೆ ಭಾರತದ ರಕ್ಷಣಾ ಪ್ರಯೋಗಾಲಯದಲ್ಲಿ ಹತ್ತಿರದ ನೆಂಟನಿದ್ದಾನಂತೆ, ಪ್ರತಿ ವಾರ ಮಾತಾಡುತ್ತಾರಂತೆ. ಯಾಕೆ ಮುಚ್ಚಿಟ್ಟರು? ನಾಲ್ಕು ದೇಶದವರೂ ಹೆದರಿದ್ದಾರೆ."

ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಸರ್ಕಾರದ ಅಧಿಕಾರಿಗೆ ಸುಳ್ಳು ಹೇಳಿದ ವಿದೇಶಿಗೆ ಪಾಸ್‌ಪೋರ್ಟಿನ ಚೀಟಿ ಉಳಿಯುತ್ತದೆಯೆ ಎಂಬ ಹೆದರಿಕೆ. ಹತ್ತು ದಿನ ಆ ಹೆದರಿಕೆಯನ್ನೇ ಉಂಡು ಮಲಗಿದೆ. ಹನ್ನೊಂದನೆಯ ದಿನ ಮುಖ್ಯಸ್ಥೆಯ ಕೋಣೆಗೆ ಹೋಗಿ ಎಲ್ಲ ಹೇಳಿದೆ. "ಯಾಕೆ?" ಎಂದಳು. ಗಂಡು ನೋಡುವ ಶಾಸ್ತ್ರವನ್ನು ಯಾವ ಭಾಷೆಯಲ್ಲಿ ವಿವರಿಸಲಿ? ಅವಳು ಪತ್ರ ಬರೆದಳು, ಫೋನೂ ಮಾಡಿದಳು. ಮತ್ತೆ ತಪಾಸಣೆಗೆ ಮೂರು ತಿಂಗಳಾಗುತ್ತದೆ ಎಂದರು. ಹಡಗು ಹೊರಡಲು ಉಳಿದದ್ದು ಎಂಟು ದಿನ. ನನ್ನನ್ನು ಯಾರೂ ಕರೆಯಲಿಲ್ಲ, ನನ್ನ ಚೀಟಿಗೆ ಏನೂ ಆಗಲಿಲ್ಲ. ಅಷ್ಟು ಹೆದರಿದ್ದಕ್ಕೆ ಆಮೇಲೆ ಇನ್ನೂ ನಾಚಿಕೆಯಾಯಿತು.

ಪರೀಕ್ಷೆಯ ದಿನ ಅವರು ಎಂದಿನಂತೆ ಕೆಲಸಕ್ಕೆ ಬಂದರು, ತಲೆಯ ಮೇಲೆ ಹೊಸ ಟೋಪಿ. ಮಧ್ಯಾಹ್ನ ಹಡಗಿನಿಂದ ಮುಖ್ಯಸ್ಥೆಯ ಫೋನು ಬಂತು. ಅವರನ್ನೇ ಕರೆದು ಕೊಟ್ಟರು. ಬೆಳಕು ತಳ ಮುಟ್ಟಿದೆ, ಗಾಜು ಅದ್ಭುತವಾಗಿದೆ ಎಂದಳಂತೆ. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅವರು ಜರ್ಮನ್‌ನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಯಾವ ಬಣ್ಣ ಕಂಡಿತು?"

ಯಾರೂ ನೋಡಿಲ್ಲ, ಉಪಕರಣ ಎಣಿಸಿದೆ, ಅಂಕಿಗಳಿವೆ, ಕಳಿಸುತ್ತೇವೆ ಎಂದಳಂತೆ. ಫೋನಿಟ್ಟು ನನ್ನ ಕಡೆ ತಿರುಗಿದರು. "ಈ ಸಮುದ್ರ ರಾಡಿ. ನೀಲಿ ಮ್ಯಾಲೇ ಉಳದಿರತೈತಿ. ತಳಕ್ಕ ಹಸರ ಮುಟ್ಟಿರಬೇಕು" ಎಂದರು.

ನಿವೃತ್ತಿಯ ದಿನ ಈ ದೇಶದ ಪದ್ಧತಿಯಂತೆ ತಮ್ಮ ಬೀಳ್ಕೊಡುಗೆಯ ಕೇಕನ್ನು ತಾವೇ ತಂದರು. ಕತ್ತರಿಸಿ ಹಂಚಿ, ತಟ್ಟೆ ತೊಳೆದಿಟ್ಟರು. ಮೂರು ಗಂಟೆಗೆ ಇಬ್ಬರೂ ಫೆರಿ ಹತ್ತಿದೆವು. ಮಳೆ ನಿಂತಿತ್ತು, ಮೇಲಿನ ಡೆಕ್ಕಿನಲ್ಲಿ ನಾವಿಬ್ಬರೇ. ಇವತ್ತು ಹೇಳದಿದ್ದರೆ ಇನ್ನು ಹೇಳಲಾರೆ ಎನ್ನಿಸಿ ಎಲ್ಲ ಹೇಳಿದೆ. ಅಧಿಕಾರಿ ಕೇಳಿದ್ದು, ನಾನು ಕಟ್ಟಿದ ಕತೆ, ಮುಚ್ಚಿಟ್ಟ ಹತ್ತು ದಿನ, ಒಂದನ್ನೂ ಬಿಡಲಿಲ್ಲ. "ನಿಮ್ಮ ಹಡಗ ತಪ್ಪಿಸಿದಾಂವ ನಾನರಿ" ಎಂದೆ. ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

ಅವರು ನೀರು ನೋಡುತ್ತ ಕೂತರು. ದೊಡ್ಡ ಕಂಟೇನರ್ ಹಡಗೊಂದು ನಮ್ಮನ್ನು ದಾಟಿ ಹೋಯಿತು.

"ತಮ್ಮನ ಮಗ ಅಂದ್ಯಾ?" ಎಂದರು ಕೊನೆಗೆ.

"ಹೌದ್ರಿ."

"ಅಂದ್ರ ತಮ್ಮನ ಲಗ್ನಾ ಆತು." ತಲೆ ಆಡಿಸಿದರು. "ಎಷ್ಟ ವಯಸ್ಸಂತ ಹೇಳಿದಿ ಮಗಗ?"

"ವಯಸ್ಸ ಹೇಳಿಲ್ರಿ. ಮೂವತ್ತ ಇರಬಹುದು."

"ಇರತಾನ, ಇರತಾನ. ಬೆಂಗಳೂರಾಗ ಸ್ವಂತ ಮನೀನೋ, ಬಾಡಗೀದೋ?"

"ಸ್ವಂತದ್ರಿ" ಎಂದೆ.

"ಪ್ರತಿ ಐತವಾರ ಫೋನ ಮಾಡತಾನ?"

"ಪ್ರತಿ ಐತವಾರ್ರಿ."

ನಾವಿಳಿಯುವ ಕಟ್ಟೆ ಬಂತು. ಜನ ಇಳಿದರು, ಬೇರೆ ಜನ ಹತ್ತಿದರು. ಅವರು ಏಳಲಿಲ್ಲ, ನಾನೂ ಏಳಲಿಲ್ಲ. ಫೆರಿ ಮತ್ತೆ ಹಿಂದಕ್ಕೆ ಹೊರಟಿತು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ನನ್ನ ಮುಖ ನೋಡದೆ ಕೇಳಿದರು.

"ಆ ಹುಡಿಗಿ... ಮಮ್ಮಗಳು. ಅಕಿ ಹೆಸರ ಏನಂತ ಹೇಳಿದಿ ಅವರಿಗೆ?"

ಅಧಿಕಾರಿ ಅವಳ ಹೆಸರು ಕೇಳಿರಲಿಲ್ಲ, ನಾನು ಹೇಳಿರಲೂ ಇಲ್ಲ. "ಗಂಗಾ ಅಂತರಿ" ಎಂದೆ.

"ಛಲೋ ಹೆಸರು" ಎಂದರು. ಸ್ವಲ್ಪ ಹೊತ್ತಾದ ಮೇಲೆ ಸಾಲಿಯಲ್ಲಿ ಎಷ್ಟನೆಯ ಇಯತ್ತೆ ಎಂದು ಕೇಳಿದರು.